ಟೀವಿ ತಹಶೀಲ್ದಾರ್ ಮೇಡಂ ಬ್ಲೌಸು

ಆ ಬ್ಲೌಸನ್ನು ನಾನು ಎರಡು ಸಲ ಹೊಲಿದೆ. ಮೊದಲ ಸಲ ಹೊಲಿದದ್ದು ನನ್ನ ಕೈಯಿಂದ ಬಂದ ಅತ್ಯಂತ ಚೆಂದದ ಕೆಲಸಗಳಲ್ಲಿ ಒಂದು, ಈಗಲೂ ಹಾಗೇ ಹೇಳುತ್ತೇನೆ. ಆದರೆ ಅದನ್ನು ತೊಡಬೇಕಾದವರಿಗೆ ತೊಡಲು ಬರಲಿಲ್ಲ.

ತುಮಕೂರಿನ ಸದಾಶಿವನಗರದಲ್ಲಿ ನನ್ನದು ಲೇಡೀಸ್ ಟೈಲರ್ ಅಂಗಡಿ. ಓದಿದ್ದು ಏಳನೇ ಕ್ಲಾಸು. ಕಟಿಂಗ್, ಮಿಷನ್ ಕೆಲಸ ನನ್ನದು. ಹುಕ್ಕು, ಕಾಜಾ, ಕೈಹೊಲಿಗೆ ನನ್ನ ಹೆಂಡತಿಯದು. ಹೋದ ಬೇಸಿಗೆಯಲ್ಲಿ, ತಿಂಗಳ ಮೊದಲ ವಾರ, ಗುಬ್ಬಿಯಿಂದ ಒಬ್ಬ ಟೀಚರಮ್ಮ ಬಂದರು. ಬಹಳ ವರ್ಷದಿಂದ ನನ್ನಲ್ಲೇ ಹೊಲಿಸುವವರು. ಬಂದವರೇ ಫೋನ್ ತೆಗೆದು ಒಂದು ವೀಡಿಯೋ ತೋರಿಸಿದರು.

ತೊಂಬತ್ತರ ದಶಕದ ಒಂದು ಧಾರಾವಾಹಿ. ಯಾರೋ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟದ್ದನ್ನು ಈಗ ಹಾಕಿದ್ದರು. ಚಿತ್ರದ ಮೇಲೆಲ್ಲ ಗೆರೆ ಓಡುತ್ತಿತ್ತು. ಒಬ್ಬ ತಹಶೀಲ್ದಾರ್ ಮೇಡಂ ಜೀಪಿನಿಂದ ಇಳಿದು, ಕಟಕಟ ಅಂತ ಮೆಟ್ಟಿಲು ಹತ್ತಿ, ಕಡತವೊಂದನ್ನು ಮೇಜಿನ ಮೇಲೆ ಹಾಕಿ ಬೆರಳು ತೋರಿಸಿ ಮಾತಾಡುತ್ತಾರೆ. ಬಿಸ್ಕತ್ ಬಣ್ಣದ ಸೀರೆ. ಕಡು ಹಸಿರು ಬ್ಲೌಸು. ಕುತ್ತಿಗೆಗೆ ಮುಚ್ಚಿದ ಕಾಲರ್, ಮುಂದೆ ಸಾಲಾಗಿ ಬಟ್ಟೆ ಸುತ್ತಿದ ಗುಂಡಿ, ಗುಂಡಿಯ ಎರಡೂ ಬದಿ ಭುಜದಿಂದ ಕೆಳಕ್ಕೆ ಐದೈದು ಸಣ್ಣ ನಿರಿಗೆ. ಭುಜದಲ್ಲಿ ಪ್ಯಾಡು. ಪಫ್ ತೋಳು, ಮೊಣಕೈ ಹತ್ತಿರ ಅಗಲ ಪಟ್ಟಿ, ಪಟ್ಟಿಗೆ ಮೂರು ಗುಂಡಿ.

"ನಮ್ಮಕ್ಕ ಕುಣಿಗಲ್ ತಾಲ್ಲೂಕಾಫೀಸಲ್ಲಿ ಎಫ್‌ಡಿಎ. ಈ ತಿಂಗ್ಳ ಕೊನೇ ದಿನ ರಿಟೈರ್ಡು" ಎಂದರು ಟೀಚರಮ್ಮ. "ಸೆಂಡಾಫ್‌ಗೆ ಈ ಮೇಡಂ ಥರ ಬ್ಲೌಸ್ ಬೇಕಂತೆ. ಇದೇ ಥರ ಅಂದ್ರೆ ಇದೇ ಥರ. ಸೀರೆ ಅವಳ ಹತ್ರನೇ ಐತೆ."

"ಬೆಂಗ್ಳೂರಲ್ಲಿ ಇಂಥವಕ್ಕೆ ಅಂತಲೇ ಬೊಟಿಕ್ ಇರ್ತವಲ್ಲಮ್ಮ."

"ಕೇಳಿದ್ವಿ. ಅವ್ರು ಹೇಳಿದ ರೇಟಿಗೆ ಅವಳಿಗೆ ಇನ್ನೊಂದು ಮದ್ವೆ ಮಾಡ್ಬೋದಿತ್ತು."

"ಅದ್ರಲ್ಲಿ ಕಾಲು ಭಾಗಕ್ಕೆ ನಾನು ಮಾಡ್ಕೊಡ್ತೀನಿ, ಅವ್ರಪ್ಪನಂಗೆ" ಅಂದೆ. ಯಾರೂ ಕೇಳಿರಲಿಲ್ಲ, ನಾನೇ ಅಂದೆ.

ಟೀಚರಮ್ಮ ಕವರಿನಿಂದ ಅಳತೆ ಬ್ಲೌಸ್ ತೆಗೆದು ಟೇಬಲ್ಲಿನ ಮೇಲಿಟ್ಟರು. ನಮ್ಮ ಕಡೆ ಗಂಡಸು ಟೈಲರಿಗೆ ಹೆಂಗಸರು ಮೈ ಅಳತೆ ಕೊಡುವುದು ಕಡಿಮೆ. ಮೈಗೆ ಸರಿಯಾಗಿ ಕೂರುವ ಒಂದು ಹಳೇ ಬ್ಲೌಸು ಕಳಿಸುತ್ತಾರೆ, ನಾವು ಅದನ್ನು ಅಳೆದು ಕತ್ತರಿಸುತ್ತೇವೆ. ಆ ವಿದ್ಯೆಯಲ್ಲಿ ನನಗೆ ಹೆಸರಿತ್ತು. ಎಷ್ಟೋ ಮನೆಯ ಹೆಂಗಸರ ಮುಖ ನಾನು ನೋಡಿಲ್ಲ, ಅವರ ಭುಜದ ಇಳಿಜಾರು ನನಗೆ ಗೊತ್ತು. ಟೇಪು ಹಿಡಿದು ಯಾರ ಮೈಯ ಹತ್ತಿರವೂ ಹೋಗದೆ ಮೂವತ್ತು ವರ್ಷ ಕಳೆದಿದ್ದೇನೆ ಎನ್ನುವುದು ನನ್ನ ಜಂಬ.

ಬ್ಲೌಸ್ ಬಿಡಿಸಿದೆ. ನುಸಿಗುಳಿಗೆಯ ವಾಸನೆ ಬಂತು. ಬಹಳ ದಿನ ಬೀರುವಿನಲ್ಲಿ ಇದ್ದದ್ದು, ಇತ್ತೀಚೆಗೆ ಮೈಮೇಲೆ ಹಾಕಿದ್ದಲ್ಲ.

"ಇದು ಈಗ ಕೂರುತ್ತಾ ಅವ್ರಿಗೆ?"

ಟೀಚರಮ್ಮ ರಸ್ತೆ ಕಡೆ ನೋಡಿದರು. "ಸ್ವಲ್ಪ ಇಳಿದೋಗವ್ಳೆ. ಸೈಡಲ್ಲಿ ಒಂದೊಂದಿಂಚು ಒಳಕ್ ಹಿಡೀರಿ, ಸಾಕು."

ಇನ್ನೊಂದು ಪ್ರಶ್ನೆ ಕೇಳಬೇಕಿತ್ತು. ಮೈಯ ಬಗ್ಗೆ ಪ್ರಶ್ನೆ ಕೇಳುವ ಟೈಲರ್ ಹತ್ತಿರ ಯಾರೂ ಬರುವುದಿಲ್ಲ ಅಂತ ನನ್ನ ಗುರು ಹೇಳಿಕೊಟ್ಟಿದ್ದ. ಬಾಯಿ ಮುಚ್ಚಿಕೊಂಡೆ.

ಬಟ್ಟೆ ಹುಡುಕುವುದರಲ್ಲೇ ಒಂದು ವಾರ ಹೋಯಿತು. ವೀಡಿಯೋದಲ್ಲಿ ಮೇಡಂ ಕೈ ಎತ್ತಿ ಇಳಿಸಿದರೂ ತೋಳಿನಲ್ಲಿ ಸುಕ್ಕು ನಿಲ್ಲುತ್ತಿರಲಿಲ್ಲ. ಹಾಗಾಗಿ ಅದು ಕಾಟನ್ ಅಲ್ಲ. ತಿರುಗಿದಾಗ ಮಿಂಚುತ್ತಲೂ ಇರಲಿಲ್ಲ, ಹಾಗಾಗಿ ಸ್ಯಾಟಿನ್ನೂ ಅಲ್ಲ. ಆ ಕಾಲದ ದಪ್ಪ ಕ್ರೇಪ್. ತುಮಕೂರಿನ ಅಂಗಡಿಗಳಲ್ಲಿ ಈಗ ಬರುವ ಕ್ರೇಪ್ ಕೈಗೆ ನೀರಿನಂತೆ ಜಾರುತ್ತದೆ, ನಿರಿಗೆ ಹಿಡಿದರೆ ನಿಲ್ಲುವುದಿಲ್ಲ. ಆರು ಅಂಗಡಿ ತಿರುಗಿದೆ. ಕೊನೆಗೆ ಹೊಳೆಯಿತು. ತೊಂಬತ್ತರ ಬಟ್ಟೆ ಬೇಕು ಅಂದರೆ ತೊಂಬತ್ತರಲ್ಲಿ ಉಟ್ಟವರ ಮನೆಯಿಂದಲೇ ಬರಬೇಕು. ಆ ಮನೆಗಳಿಂದ ಹಳೇ ಬಟ್ಟೆ ತಗೊಂಡು ಬದಲಿಗೆ ಸ್ಟೀಲ್ ಪಾತ್ರೆ ಕೊಡುವ ಒಬ್ಬ ಹೆಂಗಸು ಗುಬ್ಬಿಯಲ್ಲಿದ್ದಾಳೆ. ಬಸ್ ಹತ್ತಿದೆ.

ಅವಳು ಗಂಟಿನ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದಳು. "ಏನಣ್ಣೋ, ಹೊಸ ಬಟ್ಟೆ ಹೊಲಿಯೋನು ಹಳೇದ್ ಹುಡಿಕ್ಕಂಡ್ ಬಂದಿದ್ದೀಯ? ಅಂಗ್ಡಿ ಮುಚ್ಚಿದ್ಯಾ?"

"ಮುಚ್ಚಿದ್ರೆ ನಿನ್ನತ್ರನೇ ಕೆಲ್ಸಕ್ ಬರ್ತೀನಿ ಬುಡಕ್ಕ. ಗಂಟು ಬಿಚ್ಚು."

ಎರಡು ಗಂಟೆ ಕೆದಕಿದೆ. ಮೂರನೇ ಗಂಟಿನ ತಳದಲ್ಲಿ ಅದೇ ಕಡು ಹಸಿರು, ಅದೇ ದಪ್ಪ. ಅರ್ಧ ಸೀರೆ. ಯಾರೋ ಕತ್ತರಿಸಿ ಕಿಟಕಿಗೆ ಪರದೆ ಮಾಡಿಕೊಂಡಿದ್ದರು. ಬಿಸಿಲಿಗೆ ಬಿದ್ದ ಭಾಗ ಬೆಳ್ಳಗಾಗಿತ್ತು. ಮಡಿಕೆಯೊಳಗೆ ಇದ್ದ ಕಡೆ, ಗೋಡೆ ಮರೆಗಿದ್ದ ಕಡೆ, ಒಂದೂಕಾಲು ಮೀಟರಿನಷ್ಟು ಬಣ್ಣ ಉಳಿದಿತ್ತು.

"ಒಂದ್ ಇಡ್ಲಿ ಪಾತ್ರೆ ಕೊಟ್ ತಗಂಡಿದೀನಿ ಅದ್ನ" ಎಂದಳು. ಸಣ್ಣ ಬೋಗುಣಿಗಿಂತ ಹೆಚ್ಚು ಕೊಟ್ಟಿರಲಾರಳು. ಇಡ್ಲಿ ಪಾತ್ರೆಯ ದುಡ್ಡೇ ಕೊಟ್ಟೆ.

ಕಾಲರ್, ಪಫ್ ತೋಳು, ನಿರಿಗೆ ಎಲ್ಲಾ ಇರುವ ಬ್ಲೌಸಿಗೆ ಒಂದೂಕಾಲು ಮೀಟರ್ ಅಂದರೆ ಕತ್ತರಿ ತಪ್ಪುವ ಹಾಗಿಲ್ಲ. ಮೊದಲು ನ್ಯೂಸ್‌ಪೇಪರಿನಲ್ಲಿ ಕತ್ತರಿಸಿ, ಚೂರುಗಳನ್ನು ಬಟ್ಟೆಯ ಮೇಲೆ ಜೋಡಿಸಿ, ತಿರುಗಿಸಿ, ಮತ್ತೆ ಜೋಡಿಸಿ ಒಂದು ದಿನ ಕಳೆದೆ. ನಿರಿಗೆಯನ್ನು ಬಟ್ಟೆ ಕತ್ತರಿಸುವ ಮೊದಲೇ ಹಿಡಿದು ಹೊಲಿಯಬೇಕು. ಆಮೇಲೆ ಮುಂಭಾಗ ಕತ್ತರಿಸಬೇಕು. ಒಂದೊಂದು ನಿರಿಗೆ ಅಕ್ಕಿಕಾಳಿನ ದಪ್ಪ. ಕಾಲರ್ ಸೆಟೆದು ನಿಲ್ಲಲು ಒಳಗೆ ಬಕ್ರಂ ಇಟ್ಟೆ. ಭುಜದ ಪ್ಯಾಡಿಗೆ ಹಳೇ ಕೌದಿಯ ಹತ್ತಿಯನ್ನು ಪದರ ಪದರ ಜೋಡಿಸಿದೆ. ಗುಂಡಿಗಳಿಗೆ ನನ್ನ ಹೆಂಡತಿ ಬಟ್ಟೆ ಸುತ್ತಿದಳು. ಎದೆಯ ಉಬ್ಬಿಗೆ ತಕ್ಕಂತೆ ಬಟ್ಟೆ ಮಡಿಸಿ ಡಾಟು ಹಿಡಿದು ಅಳತೆ ಬ್ಲೌಸಿಗಿಂತ ಒಂದು ಕೈ ಮೇಲೆ ಫಿಟ್ಟಿಂಗ್ ಕೊಟ್ಟೆ. ಈಗಿನ ಕಾಲದ ಕೈಚಳಕ ಸ್ವಲ್ಪ ಇರಲಿ ಅಂತ.

ಟೀಚರಮ್ಮ ಬಂದು ನೋಡಿ ಕಣ್ಣು ತುಂಬಿಕೊಂಡರು. "ಅಯ್ಯೋ, ಟೀವಿಯಿಂದ ಇಳಿಸ್ದಂಗಿದೆ ಕಣ್ರೀ."

"ಇನ್ನೇನ್ ಮತ್ತೆ" ಅಂದೆ.

ನಾಲ್ಕನೇ ದಿನ ಅವರ ಫೋನು. ಬ್ಲೌಸು ಕೂರುತ್ತಿಲ್ಲವಂತೆ. ಎಲ್ಲಿ ಕೂರುತ್ತಿಲ್ಲ ಅಂದರೆ ಸರಿಯಾಗಿ ಹೇಳಲೊಲ್ಲರು. "ಸ್ವಲ್ಪ ಅಡ್ಜಸ್ಟ್ ಮಾಡ್ಕೊಡಿ, ಬಸ್ಸಲ್ಲಿ ಕಳಿಸ್ತೀನಿ" ಎಂದಷ್ಟೇ ಹೇಳಿ ಇಟ್ಟರು. ನನಗೆ ಸಿಟ್ಟು ನೆತ್ತಿಗೇರಿತು. ಅಳತೆ ಬ್ಲೌಸಿನ ಪಕ್ಕ ಇಟ್ಟು, ಅವರೇ ಹೇಳಿದ ಒಂದಿಂಚು ಬಿಟ್ಟರೆ ನೂಲಿನಷ್ಟೂ ವ್ಯತ್ಯಾಸ ಇಲ್ಲ ಅಂತ ತೋರಿಸಬಲ್ಲೆ! ನನ್ನ ಕೈಯಿಂದ ಹೋದ ಮಾಲು ವಾಪಸ್ ಬಂದದ್ದು ಅಪರೂಪ.

ಪೊಟ್ಟಣ ಬಂತು. ಬಿಚ್ಚಿದೆ. ಬಲಭಾಗದ ಎದೆಯ ಹತ್ತಿರ ಯಾರೋ ಬಿಳಿ ದಾರದಲ್ಲಿ ಒಳಗಿನಿಂದ ದೊಡ್ಡ ಮಡಿಕೆ ಹಿಡಿದು ಕೈಯಲ್ಲಿ ಹೊಲಿಗೆ ಹಾಕಿದ್ದರು. ನನ್ನ ಐದು ನಿರಿಗೆಗಳು ಅದರಡಿ ಮುದುಡಿ ಹೋಗಿದ್ದವು. ಬಲಗೈ ತೋಳಿನ ಪಟ್ಟಿಯನ್ನು ಬಿಚ್ಚಿದ್ದರು.

"ನೋಡೇ ಇಲ್ಲಿ. ಗೊತ್ತಿಲ್ದೋರು ಸೂಜಿ ಹಿಡಿದ್ರೆ ಹಿಂಗೇ. ಹಸು ಮೇದಂಗ್ ಮಾಡವ್ರೆ."

ಹೆಂಡತಿ ಬ್ಲೌಸನ್ನು ಕೈಗೆ ತಗೊಂಡು ಆ ಬಿಳಿ ದಾರದ ಮೇಲೆ ಬೆರಳಾಡಿಸಿದಳು.

"ಗೊತ್ತಿಲ್ದೆ ಹೊಲಿದಿಲ್ಲ ಕಣ್ರೀ. ಮೈಮೇಲೆ ಹಾಕ್ಕೊಂಡು, ಎಷ್ಟು ಬೇಕೋ ಅಷ್ಟನ್ನೇ ಹಿಡಿದವ್ರೆ. ಆ ಕಡೆ ಏನೂ ಇಲ್ಲ ಅವ್ರಿಗೆ."

"ಏನಿಲ್ಲ?"

"ತೆಗೆದವ್ರೆ ಕಣ್ರೀ. ಕ್ಯಾನ್ಸರ್ರು. ಆ ಕಡೆ ಕೈಯೂ ಊದಿರತ್ತೆ, ಅದಕ್ಕೇ ಪಟ್ಟಿ ಬಿಚ್ಚವ್ರೆ."

ನಾನು ಸ್ಟೂಲಿನ ಮೇಲೆ ಕೂತೆ. ಅಳತೆ ಬ್ಲೌಸು ಯಾಕೆ ಬೀರುವಿನ ವಾಸನೆ ಹೊಡೆಯುತ್ತಿತ್ತು ಅಂತ ಆಗ ತಿಳಿಯಿತು. ಅದು ಈಗಿನ ಮೈಯ ಅಳತೆಯೇ ಅಲ್ಲ. ನಾನು ಇಲ್ಲದ ಮೈಯೊಂದಕ್ಕೆ ಒಂದು ನೂಲು ತಪ್ಪದೆ ಹೊಲಿದಿದ್ದೆ.

ಸೆಂಡಾಫಿಗೆ ಆರು ದಿನ ಉಳಿದಿತ್ತು. ದುಡ್ಡು ವಾಪಸ್ ಕೊಟ್ಟು ಕೈ ತೊಳೆದುಕೊಳ್ಳಬಹುದಿತ್ತು. ಒಂದು ಗಳಿಗೆ ಹಾಗೇ ಯೋಚಿಸಿದೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಹೆಂಡತಿಗೆ ಹೇಳಿದೆ: "ನಾಳೆ ಅಂಗ್ಡಿ ಬಾಗ್ಲಾಕಣ. ಕುಣಿಗಲ್‌ಗೆ ಹೋಗಣ. ನೀನು ಅಳತೆ ತಗೋಬೇಕು."

"ನೀವೇ ಅಳತೆಗೆ ಹೋಗ್ತೀರ?"

"ಹೋಗ್ದೆ ಆಗಲ್ಲ."

ಟೀಚರಮ್ಮನಿಗೆ ಫೋನ್ ಮಾಡಿ ವಿಳಾಸ ಕೇಳಿದೆ. ಅವರು "ನಿಮ್ಗೆ ಯಾರ್ ಹೇಳಿದ್ದು?" ಎಂದು ಕೇಳಿದರು. "ಬ್ಲೌಸೇ ಹೇಳ್ತಮ್ಮ" ಅಂದೆ. ಅವರು ಅಳುವುದು ಕೇಳಿಸಿತು.

ಕುಣಿಗಲ್‌ನಲ್ಲಿ ಕೆರೆ ಏರಿಯ ಕಡೆಗೆ ಹೋಗುವ ಬೀದಿಯಲ್ಲಿ ಅಕ್ಕನವರ ಮನೆ. ಬಹಳ ವರ್ಷಗಳ ಹಿಂದೆಯೇ ಗಂಡ ತೀರಿಕೊಂಡು ಒಬ್ಬರೇ ಇದ್ದವರು. ಬಾಗಿಲು ತೆಗೆದವರು ಎತ್ತರದ ಹೆಂಗಸು. ಬಲಗೈಯನ್ನು ದಿಂಬಿನ ಮೇಲೆ ಇಟ್ಟುಕೊಂಡು ಕೂತರು. ಆ ಕೈ ಎಡಗೈಗಿಂತ ಎದ್ದುಕಾಣುವಷ್ಟು ಊದಿತ್ತು.

"ಬನ್ನಿ ಟೈಲರ್. ಇಷ್ಟು ವರ್ಷ ಯಾವ ಹೆಂಗ್ಸಿನ ಮನೆಗೂ ಅಳತೆಗೆ ಹೋಗ್ದೋರು ನನ್ನ ಮನೆಗೆ ಬಂದ್ರಲ್ಲ, ನನ್ನ ಪುಣ್ಯ" ಎಂದು ನಕ್ಕರು. "ನಮ್ಮ ತಂಗಿ ಬಾಯಲ್ಲಿ ಆ ಕಾಯಿಲೆ ಹೆಸ್ರು ಬರಲ್ಲ. ಆಫೀಸಲ್ಲಿ ಗರ್ಭಕೋಶದ ಆಪ್ರೇಷನ್ ಅಂತ ಹೇಳಿದೀವಿ. ಅಲ್ಲೀಗಂಟ ಸುಳ್ಳು ಹೇಳಿದೋಳು ಟೈಲರಿಗೆ ನಿಜ ಹೇಳ್ತಾಳಾ?"

ನಾನು ಬಗ್ಗಿಸಿದ ತಲೆ ಎತ್ತದೆ ಹೇಳಿದೆ: "ಒಳಗಡೆ ಹತ್ತಿಯ ಪ್ಯಾಡ್ ಇಟ್ರೆ ಎರಡೂ ಕಡೆ ಒಂದೇ ಸಮ ಕಾಣತ್ತೆ ಮೇಡಂ. ಯಾರಿಗೂ ಗೊತ್ತಾಗಲ್ಲ."

"ಆಸ್ಪತ್ರೆಯವ್ರೇ ಒಂದು ಕೊಟ್ಟವ್ರೆ. ಬೀರುನಲ್ಲಿ ಇದೆ, ಬೇಕಾದ್ರೆ ನೋಡಿ. ಕರೆಂಟ್ ಕೊಟ್ಟು, ಅದೇ ರೇಡಿಯೇಷನ್ನು, ಸುಟ್ಟಿರೋ ಜಾಗ ಅದು. ಇಟ್ರೆ ಕೆಂಡ ಇಟ್ಕೊಂಡಂಗಾಗುತ್ತೆ. ಒಂದು ಗಂಟೆ ನಿಂತ್ಕೋಬೇಕಲ್ಲಪ್ಪ ನಾನು."

ಆಮೇಲೆ ತಾವಾಗಿಯೇ ಹೇಳಿದರು. ಕೆಲಸಕ್ಕೆ ಸೇರಿದ ವರ್ಷ ಆ ಧಾರಾವಾಹಿ ಬರುತ್ತಿತ್ತಂತೆ. ಮೊದಲ ಸಂಬಳದಲ್ಲಿ ಅಂಥದೇ ಸೀರೆ ತಗೊಂಡು, ಅಂಥದೇ ಬ್ಲೌಸ್ ಹೊಲಿಸಿ ಆಫೀಸಿಗೆ ಹೋದರಂತೆ. ಅಲ್ಲಿನ ಹಿರಿಯ ಗುಮಾಸ್ತರು ಎಲ್ಲರೆದುರು, "ಏನಮ್ಮಾ, ಚಾರ್ಜ್ ತಗೊಳಕ್ ಬಂದ್ಯಾ?" ಅಂದರಂತೆ. ಹಾಲ್ ತುಂಬ ನಗು.

"ಅವತ್ತು ಬಿಚ್ಚಿದ್ದೇ ಬಿಚ್ಚಿದ್ದು. ಆ ಬ್ಲೌಸು ಒಲೆ ಒರೆಸೋ ಬಟ್ಟೆ ಆಯ್ತು. ಮೂವತ್ತೆರಡು ವರ್ಷ ಬರೀ ಬೂದಿ ಬಣ್ಣ, ಕಂದು ಬಣ್ಣ. ಕೊನೇ ದಿನ ಯಾರು ಏನ್ ಮಾಡ್ಕೋತಾರೆ ಹೇಳಿ? ಅದೂ ಅಲ್ದೆ," ಅವರ ದನಿ ಬದಲಾಗಲಿಲ್ಲ, "ಮೂಳೆಗೆ ಹೋಗಿದೆಯಂತೆ. ಇನ್ನೊಂದ್ ಸಲ ಹಾಕ್ಕೊಳೋ ಫಂಕ್ಷನ್ ನನ್ಗಿಲ್ಲ."

ಹೆಂಡತಿ ಅವರನ್ನು ಒಳಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು. ನಾನು ನಡುಮನೆಯಲ್ಲಿ ಪುಸ್ತಕ, ಪೆನ್ಸಿಲ್ ಹಿಡಿದು ಕೂತೆ. ಅವಳು ಒಳಗಿನಿಂದ ಕೂಗಬೇಕು, ನಾನು ಬರೆಯಬೇಕು.

"ಭುಜ ಹದಿನಾಲ್ಕು... ಎಡಗಡೆ ಎದೆ, ನಡುಗುಂಡಿಯಿಂದ ಕಂಕುಳಿಗೆ, ಒಂಬತ್ತೂವರೆ... ಬಲಗಡೆ..."

ನಿಂತುಬಿಟ್ಟಳು. ನಾನು ಪೆನ್ಸಿಲ್ ಹಿಡಿದೇ ಇದ್ದೆ. ಆಮೇಲೆ ಅಕ್ಕನವರ ದನಿಯೇ ಬಂತು, ಹಾಜರಿ ಕೂಗಿದ ಹಾಗೆ:

"ಬರ್ಕೊಳ್ರೀ ಟೈಲರ್. ಬಲ, ಏಳು ಮುಕ್ಕಾಲು. ತೋಳು ಎಡ ಹನ್ನೊಂದು. ಬಲ ಹದಿನಾಲ್ಕು. ಸಂಜೆಗೆ ಊದತ್ತೆ, ಇನ್ನೂ ಅರ್ಧ ಸೇರ್ಸಿ."

ಬರೆದುಕೊಂಡೆ.

ತುಮಕೂರಿಗೆ ವಾಪಸ್ ಬರುವಾಗ ಬಸ್ಸಿನಲ್ಲಿ ಲೆಕ್ಕ ಹಾಕಿದರೆ ಯಾವುದೂ ಕೂಡಿಬರಲಿಲ್ಲ. ಎದೆಗೆ ಬಟ್ಟೆ ಉಳಿಯುತ್ತದೆ, ತೋಳಿಗೆ ಸಾಲದು. ಬಲಭಾಗವನ್ನು ಅಳತೆಗೆ ತಕ್ಕಂತೆ ಕಿರಿದು ಮಾಡಿದರೆ ಗುಂಡಿಪಟ್ಟಿ ಓರೆಯಾಗಿ ಎಳೆಯುತ್ತದೆ, ಇಡೀ ಊರಿಗೆ ಬೆರಳು ಮಾಡಿ ತೋರಿಸಿದ ಹಾಗೆ. ಎಡದಷ್ಟೇ ಬಿಟ್ಟರೆ ನಿರಿಗೆ ಜೋತುಬೀಳುತ್ತದೆ. ಹೆಂಡತಿಯ ಫೋನಿನಲ್ಲಿ ಆ ವೀಡಿಯೋ ಮತ್ತೆ ಹಾಕಿಸಿದೆ. ಈ ಸಲ ಕಾಲರ್, ಗುಂಡಿ ನೋಡಲಿಲ್ಲ. ಎದೆಯ ಹೊಲಿಗೆ ನೋಡಿದೆ. ಮೇಡಂ ಬೆರಳು ತೋರಿಸಲು ಕೈ ಎತ್ತಿದಾಗ ಬ್ಲೌಸಿನ ಕೆಳ ಅಂಚು ಸಡಿಲವಾಗಿ ಮೇಲೆದ್ದಿತು. ಡಾಟೇ ಇಲ್ಲ! ಅದು ಅರ್ಧ ಷರಟು. ಬಟ್ಟೆ ಎದೆಯ ಮೇಲೆ ಕೂತಿರಲಿಲ್ಲ, ಭುಜದ ಪ್ಯಾಡಿನಿಂದ ನೇತಾಡುತ್ತಿತ್ತು. ಆ ಕಾಲದಲ್ಲಿ ಹಾಗೇ ಹೊಲಿಯುತ್ತಿದ್ದದ್ದು. ನಾನೇ ಹೊಲಿದವನು, ನಾನೇ ಮರೆತಿದ್ದೆ. ಇದ್ದದ್ದನ್ನು ಇದ್ದಂತೆ ಮಾಡದೆ ನನ್ನ ಫಿಟ್ಟಿಂಗ್ ತೋರಿಸಲು ಹೋಗಿದ್ದೆ.

ಮಾರನೇ ದಿನ ಬ್ಲೌಸನ್ನು ಪೂರ್ತಿ ಬಿಚ್ಚಿದೆ. ಒಂದು ಹೊಲಿಗೆಯನ್ನೂ ಉಳಿಸಲಿಲ್ಲ. ಬ್ಲೇಡಿನ ತುದಿಯಲ್ಲಿ ದಾರ ಕುಯ್ಯುತ್ತಾ ಹೋಗುವಾಗ ಬಟ್ಟೆಗೆ ಗಾಯವಾಗದಂತೆ ಉಸಿರು ಹಿಡಿದಿದ್ದೆ. ಡಾಟು ಬಿಚ್ಚಿ ಇಸ್ತ್ರಿ ಹಾಕಿದರೂ ಅದರ ಗೆರೆ ಹೋಗಲಿಲ್ಲ. ಆ ಗೆರೆಯ ಮೇಲೇ ಆರನೇ ನಿರಿಗೆ ಹಿಡಿದೆ, ಎರಡೂ ಕಡೆ. ಬಲಭಾಗದ ನಿರಿಗೆಗಳ ಹಿಂದೆ ತೆಳುವಾದ ಕ್ಯಾನ್ವಾಸ್ ಇಟ್ಟೆ, ಕೆಳಗೆ ಆಧಾರವಿಲ್ಲದಿದ್ದರೂ ತಾವೇ ನಿಲ್ಲಲಿ ಅಂತ. ಭುಜದ ಪ್ಯಾಡನ್ನು ಒಂದು ಪದರ ಎತ್ತರಿಸಿದೆ. ಒಳಗೆ ಹತ್ತು ವರ್ಷ ಒಗೆದು ಮೆತ್ತಗಾದ ನನ್ನದೊಂದು ಪಂಚೆಯ ಲೈನಿಂಗ್. ಬಲಗಡೆ ಪಕ್ಕದ ಹೊಲಿಗೆ ಸುಟ್ಟ ಚರ್ಮಕ್ಕೆ ತಾಗದಂತೆ ಅದನ್ನು ಬೆನ್ನಿನ ಕಡೆಗೆ ಸರಿಸಿದೆ.

ತೋಳಿಗೆ ಬಟ್ಟೆ ಎಲ್ಲಿಂದ? ಬಿಸಿಲಿಗೆ ಬೆಳ್ಳಗಾದ ಚೂರು ಉಳಿದಿತ್ತು. ಅದನ್ನು ತಿರುಗಿಸಿ ನೋಡಿದೆ. ಹಿಂಭಾಗ ಒಂದು ಮಟ್ಟಕ್ಕೆ ಬಣ್ಣ ಹಿಡಿದಿತ್ತು, ಬ್ಲೌಸಿನ ಉಳಿದ ಭಾಗಕ್ಕಿಂತ ಒಂಚೂರು ತಿಳಿ. ಒಂದು ತೋಳು ಹಾಗಿದ್ದರೆ ತಪ್ಪು, ಎರಡೂ ಹಾಗಿದ್ದರೆ ಡಿಸೈನು. ಎರಡನ್ನೂ ಅದರಲ್ಲೇ ಮಾಡಿದೆ. ಪಫ್ ಅಗಲಿಸಿದ್ದರಿಂದ ಊದಿದ ಕೈ ಅದರೊಳಗೆ ಹಿಡಿಯಿತು. ಪಟ್ಟಿಯ ಮೂರು ಗುಂಡಿ ಬರೀ ನೋಟಕ್ಕೆ. ಒಳಗೆ ಪ್ರೆಸ್ ಬಟನ್. ಕೈ ಇನ್ನಷ್ಟು ಊದಿದರೆ ತಾನಾಗಿ ಬಿಚ್ಚಿಕೊಳ್ಳಲಿ.

ಸೆಂಡಾಫಿನ ಹಿಂದಿನ ದಿನ ಹೆಂಡತಿಯೇ ಹೋಗಿ ತೊಡಿಸಿ ನೋಡಿ ಬಂದಳು. "ಕೂತಿದೆ" ಅಂದಳು. ಅಷ್ಟೇ.

ನಮ್ಮಿಬ್ಬರನ್ನೂ ಕರೆದಿದ್ದರು. ತಾಲ್ಲೂಕು ಕಚೇರಿಯ ಸಭಾಂಗಣ, ಮಧ್ಯಾಹ್ನದ ಸೆಖೆ, ಕರೆಂಟಿಲ್ಲ, ಮೈಕು ಬ್ಯಾಟರಿಯಲ್ಲಿ, ಗೋಡೆಗೆ ಒರಗಿ ನಿಂತವರೂ ಇದ್ದರು. ಅಕ್ಕನವರು ಬಾಗಿಲಲ್ಲಿ ಕಾಣಿಸಿಕೊಂಡಾಗ ಎಲ್ಲರೂ ತಿರುಗಿ ನೋಡಿದರು. ಆಮೇಲೆ ಹಿಂದಿನ ಸಾಲಿನಿಂದ ಯಾರೋ, "ಏನ್ ಮೇಡಂ, ಜೀಪೆಲ್ಲಿ?" ಎಂದು ಕೂಗಿದರು. ಸುತ್ತಲಿದ್ದವರು ನಕ್ಕರು. ಅಕ್ಕನವರೂ ನಕ್ಕರು. ನಾನು ಗುಂಡಿಪಟ್ಟಿಯನ್ನೇ ನೋಡುತ್ತಿದ್ದೆ. ನೂಲು ಹಿಡಿದಂತೆ ನೆಟ್ಟಗಿತ್ತು.

ವೇದಿಕೆಯಲ್ಲಿ ಹಾರ ಹಾಕಿದರು, ಪೇಟ ತೊಡಿಸಿದರು, ಜರಿಯಂಚಿನ ಶಾಲು ಹೊದಿಸಿದರು. ನನ್ನ ಬ್ಲೌಸು ಪೂರ್ತಿ ಮುಚ್ಚಿಹೋಯಿತು. ಸತ್ಯ ಹೇಳಬೇಕೆಂದರೆ ನನಗೆ ಸಮಾಧಾನವೇ ಆಯಿತು. ಒಂದು ಗಂಟೆ ಹೀಗೇ ಕಳೆದರೆ ಗೆದ್ದಂತೆ. ಭಾಷಣಗಳು ಮುಗಿದವು. ಅಕ್ಕನವರ ಸರದಿ ಬಂತು. ಮೈಕಿನ ಮುಂದೆ ನಿಂತವರು ಹಾರ ತೆಗೆದರು. ಪೇಟ ತೆಗೆದರು. ಎಡಗೈಯಲ್ಲಿ ಶಾಲನ್ನು ಭುಜದಿಂದ ಇಳಿಸಿ ಕುರ್ಚಿಯ ಮೇಲೆ ಹಾಕಿ ಮಾತು ಶುರುಮಾಡಿದರು.

ಅಷ್ಟರಲ್ಲಿ ಕರೆಂಟ್ ಬಂತು. ವೇದಿಕೆಯ ಪಕ್ಕ ನಿಲ್ಲಿಸಿದ್ದ ದೊಡ್ಡ ಫ್ಯಾನು ತಿರುಗಿತು. ಗಾಳಿ ನೇರ ಅವರ ಎದೆಗೆ. ನಿಲ್ಲುವ ಮೈಗೆ ನಾನು ಹೊಲಿದಿದ್ದೆ. ಗಾಳಿಯ ಲೆಕ್ಕ ಹಾಕಿರಲಿಲ್ಲ. ಸಡಿಲ ಬಟ್ಟೆ ಬಲಗಡೆ ಮೈಗೆ ಅಂಟಿತು. ಕ್ಯಾನ್ವಾಸು ಇಟ್ಟ ನಿರಿಗೆಗಳು ಒಳಕ್ಕೆ ಕುಸಿದವು. ಆ ಬದಿ ಹಲಗೆಯಂತೆ ಚಪ್ಪಟೆ, ಈ ಬದಿ ತುಂಬಿದ್ದು. ಮುಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಪಕ್ಕದವಳ ತೊಡೆ ತಿವಿದಳು. ಪಕ್ಕದವಳು ನೋಡಿ ಬಾಯಿಗೆ ಸೆರಗು ಹಿಡಿದಳು. ಆಚೆ ಸಾಲಿನಲ್ಲಿ ಟೀಚರಮ್ಮ ತಲೆ ಬಗ್ಗಿಸಿಬಿಟ್ಟರು.

ನಾನು ಎದ್ದೆ.

"ಎಲ್ಲಿಗ್ರೀ?" ಎಂದು ಹೆಂಡತಿ ಪಿಸುಗುಟ್ಟಿದಳು.

"ಫ್ಯಾನು."

ಗೋಡೆ ಬದಿಯಿಂದ ಬಗ್ಗಿ ನಡೆದು ವೇದಿಕೆಯ ಹತ್ತಿರ ಹೋಗಿ ಸ್ವಿಚ್ಚಿಗೆ ಕೈ ಹಾಕಿದೆ. ಅಕ್ಕನವರು ಮಾತು ನಿಲ್ಲಿಸಿ ಕೆಳಗೆ ನೋಡಿದರು. ನನ್ನನ್ನು ನೋಡಿದರು, ತಮ್ಮ ಎದೆಯನ್ನು ನೋಡಿಕೊಂಡರು, ಮುಂದಿನ ಸಾಲನ್ನು ನೋಡಿದರು.

"ಇರ್ಲಿ ಬುಡಿ ಟೈಲರ್. ಸೆಖೆ."

ಮೈಕಿನಲ್ಲೇ ಹೇಳಿದ್ದರಿಂದ ಹಾಲಿಗೆಲ್ಲ ಕೇಳಿಸಿತು. ನಾನು ಕೈ ತೆಗೆದೆ. ರೆಕಾರ್ಡ್ ರೂಮಿಗೆ ಗೆದ್ದಲು ಹಿಡಿದ ವರ್ಷ ಹಳೇ ಪಹಣಿ ಕಟ್ಟುಗಳನ್ನು ತಲೆ ಮೇಲೆ ಹೊತ್ತು ಬಿಸಿಲಿಗೆ ಹಾಕಿದ್ದನ್ನು ಅವರು ಅಲ್ಲೀತನಕ ಹೇಳುತ್ತಿದ್ದರು. ಬಿಟ್ಟಲ್ಲಿಂದಲೇ ಶುರುಮಾಡಿದರು.